ಖೋಡರಬ್ಬರಿನ ಶೆಟವಿ

ಶಹಾಪುರ, ಇಚಲಕರಂಜಿ
8 ಜುಲೈ 2024

ಪೂನಮ,

ನನ್ನ ಫೋನು ಅಪ್ಪುನ ಉಚ್ಚೆಯಲ್ಲಿ ತೋಯ್ದು ಸತ್ತಿತು. ತೊಟ್ಟಿಲ ಕೆಳಗೆ ಚಾರ್ಜಿಗೆ ಇಟ್ಟಿದ್ದೆ, ಹನಿಹನಿಯಾಗಿ ಅದರ ಮೇಲೇ ಇಳಿದಿದೆ. ನಮ್ಮವರ ಫೋನಿನಿಂದ ನಿನ್ನ ಜೊತೆ ಮಾತಾಡಿದರೆ ಮನೆಮಂದಿ ಎಲ್ಲ ಕಿವಿ ಕೊಡುತ್ತಾರೆ. ಹೇಗೂ ನಮ್ಮ ಆಟದಲ್ಲಿ ಟಪಾಲು ಇದ್ದದ್ದೇ, ಅದಕ್ಕೆ ಬರೆಯುತ್ತಿದ್ದೇನೆ.

ಫೋನು ಸಾಯುವ ಮೊದಲು ಒಂದು ಫೋಟೋ ಕಳಿಸಿದ್ದೆ. ಅದರಲ್ಲಿರುವ ಹೆಂಗಸು ನಾನೇ. ಸಡಿಲಾದ ತುರುಬು, ಕೆಂಪಾದ ಕಣ್ಣು, ಕುಪ್ಪಸದ ಮುಂದೆ ಹಾಲು ಒಸರಿ ಎರಡು ಕಲೆ. ಯಾರಿಗೂ ತೋರಿಸಬೇಡ. ಯಾಕೆ ಕಳಿಸಿದೆ ಅಂದರೆ, ಒಬ್ಬರಾದರೂ ನೋಡಲಿ ಅಂತ.

ಅಪ್ಪು ಮಲಗುವುದಿಲ್ಲ. ಅವನು ಮಲಗಿದರೆ ಉಸಿರಾಡುತ್ತಾನೋ ಇಲ್ಲವೋ ಅಂತ ಮೂಗಿನ ಕೆಳಗೆ ಬೆರಳು ಹಿಡಿದು ನಾನು ಎಚ್ಚರ ಇರುತ್ತೇನೆ. ಗೋಡೆಯಾಚೆ ಮಗ್ಗಗಳು ಬಡಿಯುತ್ತಿದ್ದರೆ ಏನೂ ಅನಿಸುವುದಿಲ್ಲ. ಲೈಟು ಹೋಗಿ ಅವು ನಿಂತುಬಿಟ್ಟರೆ ಎದ್ದು ತೊಟ್ಟಿಲಿಗೆ ಕಿವಿ ಹಚ್ಚುತ್ತೇನೆ.

ಎಲ್ಲದಕ್ಕೂ ಹೇಸಿಗೆ ಬರುತ್ತಿದೆ, ಪೂನಮ. ಕೂಸು ನೋಡಲು ಬರುವವರು ಹಲ್ಲಿಗೆ ಮಶೇರಿ ತಂಬಾಕು ತಿಕ್ಕಿದ ಬೆರಳಿನಿಂದಲೇ ಅವನ ಗಲ್ಲ ಹಿಂಡುತ್ತಾರೆ. ಒಬ್ಬಾಕೆ ನನ್ನ ಎದೆಯನ್ನೇ ಒತ್ತಿ ನೋಡಿ, “ಹಾಲ ಭಾಳ ಅದಾವ್ಯಾ, ನೀರಾಗ್ಯಾವ ಅಷ್ಟ” ಅಂದಳು, ಎಮ್ಮೆ ವ್ಯಾಪಾರಕ್ಕೆ ಬಂದವಳ ಹಾಗೆ. ನನ್ನ ಮೈಯ ಹುಳಿ ನಾತ ನನಗೇ ತಡೆಯಲಾಗುವುದಿಲ್ಲ. ನಮ್ಮ ಅತ್ತಿ ಮಲಕವ್ವನವರಿಗೆ ಹೇಳಿದರೆ, “ಹಡದಾಕಿ ಯಾಕಿ ಮಲಗ್ಯಾಳಬೆ? ನೀ ಒಬ್ಬಾಕಿನ ಹಡದೀಯೇನ?” ಅನ್ನುತ್ತಾರೆ. ಎಂ.ಎಸ್ಸಿ. ಓದಿದ ನಾನು ಎದ್ದು ತೊಟ್ಟಿಲು ತೂಗುತ್ತೇನೆ.

ಸಾಧ್ಯವಾದರೆ ಒಂದು ದಿನ ಬಂದು ಹೋಗು.

ವೃಷಾಲಿ

*

ಗಡಹಿಂಗ್ಲಜ
15 ಜುಲೈ 2024

ಏ ಬಾಳಂತೀ,

ನಿನ್ನ ಫೋಟೋ ನೋಡಿ ನಕ್ಕು ನಕ್ಕು ಬೆಲ್ಲದ ಪೆಂಟಿ ಮ್ಯಾಲೆ ಬಿದ್ದೆ ನೋಡವಾ. ಅಂಗಡಿಗೆ ಬಂದ ಗಿರಾಕಿ ಗಾಬರಿಯಾಗಿ ಹೋದ. ಅವತ್ತಽ ಪೆನ್ಸಿಲ್ ಅಳಸೂ ಖೋಡರಬ್ಬರ ತಗದು ಕೆತ್ತಾಕ ಕುಂತೆ. ನಮ್ಮ ಕಾಕಾಸಾಹೇಬ ಕಾಕಾ ಬಂದು ಮಗ್ಗಲಕ ನಿಂತ್ರು.

“ಏನ ಕೆತ್ತಾಕತ್ತೀಯವಾ?”

“ಶಾಯಿ ಹಚ್ಚಿ ಒತ್ತೂ ಶಿಕ್ಕಾರೀ ಕಾಕಾ.”

“ಯಾವ ಆಫೀಸಿಂದು?”

ಹೇಳಿದೆ: ಆಫೀಸಿಂದಲ್ರೀ, ಆಟದ್ದು. ಒಂದು ಸಣ್ಣ ಪತ್ರಾ ಡಬ್ಬಿ, ಅದರಾಗ ಕೈಲೆ ಕೆತ್ತಿದ ಶಿಕ್ಕಾ, ಶಾಯಿ, ಏನೂ ಬರೀಲಾರದ ಒಂದು ಕೋರಾ ವಹಿ, ಪೆನ್ನು. ಅದನ್ನ ಎಲ್ಲೆರೆ ಬಚ್ಚಿಟ್ಟು, ಗೆಳ್ಯಾರಿಗೆ ಸುಳಿವು ಟಪಾಲ ಹಾಕೂದು. ಹುಡಿಕಿದವರು ಆ ಶಿಕ್ಕಾ ತಮ್ಮ ವಹ್ಯಾಗ ಒತ್ತಿಕೊಂಡು, ತಮ್ಮ ಶಿಕ್ಕಾ ಅದರಾಗಿನ ವಹ್ಯಾಗ ಒತ್ತಿ, ಡಬ್ಬಿ ಹೊಳ್ಳಿ ಅಲ್ಲೇ ಇಡೂದು.

“ಡಬ್ಬ್ಯಾಗ ರೊಕ್ಕಾ ಇರ್ತಾವೇನ?”

“ಇಲ್ರೀ.”

“ಬಂಗಾರಾ?”

“ಇಲ್ರೀ ಕಾಕಾ.”

“ಹಂಗಾರ ಹುಡಕವರಿಗೂ ಹುಚ್ಚ, ಇಡವರಿಗೂ ಹುಚ್ಚ. ಇದಕ್ಕ ಕೊಲ್ಲಾಪುರದಾಗ ಹಾಸ್ಟೆಲ್ಲಿಗೆ ಹಾಕಿದ್ವಿ?”

ಇದು ಬರೇ ಶಿಕ್ಕಾ ಅಲ್ಲ ವೃಷೂ, ಮಾನದ ಶಿಕ್ಕಾ. ನಮಗ ಬೇಕಾದವರನ್ನ ಚ್ಯಾಷ್ಟಿ ಮಾಡಿ ಕೆತ್ತಿ ಅವರಿಗೇ ಅರ್ಪಣಾ ಮಾಡ್ತಿದ್ವೆಲ್ಲ, ಹಂಗ. ಈ ಸಲ ಮಾನ ನಿನಗ. ಹೆಂಗ ಬಂದೈತಿ ಅಂತ ಹೇಳೂದಿಲ್ಲ, ನೀನಽ ಹುಡಕು. ನಮ್ಮ ಆಟದ ಗೆಳ್ಯಾ ಜಿನೇಶ ನೂಲಿನ ವ್ಯಾಪಾರಕ್ಕ ನಿಮ್ಮೂರಿಗೆ ಬರತಾನಲ್ಲ, ಅವನ ಕೈಯಾಗ ಕಳಿಸಿ ನಿಮ್ಮ ಗಲ್ಯಾಗಽ ಇಡಸೇನಿ. ಸುಳಿವು:

‘ನೀರು ಬಂದಾಗ ಎಲ್ಲಾರೂ ಬರತಾರ, ಹೋದಾಗ ಒಬ್ಬಾಕಿನೂ ನಿಲ್ಲೂದಿಲ್ಲ. ಅಲ್ಲಿ ನಿಂತು ಹೊತ್ತು ಮುಣಗೂ ಕಡೆ ಮಾರಿ ಮಾಡು. ಗೋಡಿಗೆ ಹಲ್ಲು ಬಿದ್ದಲ್ಲಿ ಕೈ ಹಾಕು.’

ನಾ ಬರಬೇಕಂತೀನಿ, ಅಂಗಡಿ ಬಿಡಾಕ ಆಗವಲ್ದು. ಶ್ರಾವಣ ಮುಗೀಲಿ.

ನಿನ್ನ
ಪೂನಿ

*

ಶಹಾಪುರ
29 ಜುಲೈ 2024

ಪೂನಮ,

ನೀನು ಮಾಡಿದ್ದಕ್ಕೆ ಹೆಸರು ಏನಿಡಲಿ?

ಸುಳಿವು ಓದಿ ದಿಂಬಿನ ಕೆಳಗೆ ಇಟ್ಟಿದ್ದೆ. ನಳದ ಹತ್ತಿರದ ಗೋಡೆ ಅಂತ ಗೊತ್ತಾಗಿತ್ತು. ಅಪ್ಪುನ ಹೊಟ್ಟೆ ಉಬ್ಬರಿಸಿತ್ತು, ಹೋಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಅನ್ನವ್ವನ ಕೈಗೆ ಅದು ಸಿಕ್ಕಿತು. ನೀರು ತುಂಬಲು ಬಂದಾಗ ಆಕೆ ತನ್ನ ಮಶೇರಿ ಡಬ್ಬಿಯನ್ನು ಆ ತೂತಿನಲ್ಲಿಡುತ್ತಿದ್ದಳಂತೆ. ತೆಗೆಯಲು ಹೋದರೆ ಬೇರೆ ಡಬ್ಬಿ ಬಂದಿದೆ.

ಗದ್ದಲ ಕೇಳಿ ಹೋದೆ. ನಳ ಹಾಗೇ ಸುರಿಯುತ್ತಿತ್ತು, ಒಬ್ಬರೂ ಕೊಡ ಹಿಡಿದಿರಲಿಲ್ಲ. ಅತ್ತಿ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಿದ್ದರು. ಡಬ್ಬಿಯ ಮುಚ್ಚಳದ ಮೇಲೆ ಕೋರಾ ವಹಿ, ಪೆನ್ನು. ವಹಿಯ ಮೊದಲ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಒತ್ತಿದ ಒಬ್ಬ ಹೆಂಗಸು. ತೊಡೆಯ ಮೇಲೆ ಕೂಸು. ಮುಖದ ತುಂಬ ಕಣ್ಣು, ಗೂಗಿಯ ಹಾಗೆ.

ನಿಮ್ಮ ಮನೆಯಲ್ಲಿ ಹಡೆದ ಐದನೆಯ ದಿನ ಏನಿಡುತ್ತಾರೆ, ಪೂನಮ? ಶೆಟವಿ ದೇವಿ ಬಂದು ಕೂಸಿನ ಹಣೆಬರಹ ಬರೆದು ಹೋಗಲಿ ಅಂತ ಕೋರಾ ಕಾಗದ ಇಡುವುದಿಲ್ಲವೇ, ಪೆನ್ನು ಇಡುವುದಿಲ್ಲವೇ? ಇಲ್ಲಿ ಗೋಡೆಯ ತೂತಿನಲ್ಲಿ ಯಾರೂ ಏನೂ ಇಟ್ಟಿರಲಿಲ್ಲ. ಕಾಗದ ತಾನೇ ಬಂದಿದೆ, ಪೆನ್ನು ತಾನೇ ಬಂದಿದೆ, ತೊಡೆಯ ಮೇಲೆ ಕೂಸಿಟ್ಟುಕೊಂಡು ಆಕೆಯೂ ಬಂದಿದ್ದಾಳೆ. ಇವರು ಮತ್ತೇನು ತಿಳಿಯಬೇಕಿತ್ತು?

“ಕಣ್ಣ ನೋಡ್ರೆ. ರಾತ್ರಿ ಹಗಲಿ ಕೂಸು ಕಾಯೂ ಕಣ್ಣವು.”

“ಎದಿಮ್ಯಾಲಿಂದು ಏನಬೆ ಅದು, ಎರಡು ಗುಂಡಗಂದು?”

“ಒಂದು ಸೂರ್ಯಾ, ಒಂದು ಚಂದ್ರಾ. ಅಷ್ಟೂ ತಿಳಿಯೂದಿಲ್ಲೇನ?”

ಅವು ನನ್ನ ಹಾಲಿನ ಕಲೆ, ಪೂನಮ. ಯಾರಿಗೂ ತೋರಿಸಬೇಡ ಅಂದಿದ್ದೆ. ನೀನು ಅವನ್ನು ಬ್ಲೇಡಿನಿಂದ ಅಂಚು ತಿದ್ದಿ, ಸುತ್ತ ಕಿರಣ ಬಿಡಿಸಿ, ಜಿನೇಶನ ಕೈಗೆ ಕೊಟ್ಟು ನಮ್ಮ ಗಲ್ಲಿಗೇ ಕಳಿಸಿದ್ದೀ. ಅನ್ನವ್ವ ಮಶೇರಿಯ ಬೆರಳಿನಿಂದ ಎರಡಕ್ಕೂ ಒಂದೊಂದು ಬೊಟ್ಟು ಕುಂಕುಮ ಇಟ್ಟಳು. ನನ್ನ ಮೈಗೇ ತಾಗಿದ ಹಾಗಾಗಿ ಸೆರಗು ಎಳೆದುಕೊಂಡೆ. ಮನೆಗೆ ಬಂದು ವಾಂತಿ ಮಾಡಿದೆ.

ಅದು ನಾನು ಅಂತ ಬಾಯಿ ಬಿಡಲಿಲ್ಲ. ಹೇಗೆ ಬಿಡಲಿ? ಅವತ್ತು ಮದುವೆಯಾದ ಮೇಲೆ ಮೊದಲ ಸಲ ಅತ್ತಿ ತಾವೇ ಚಹಾ ಮಾಡಿ ತಂದುಕೊಟ್ಟರು. “ಆಕಿ ನಮ್ಮ ಗಲ್ಲಿಗೆ ಬಂದಾಳ. ಇನ್ನ ನಿನ್ನ ಕೂಸು ಮಲಗತೈತಿ ನೋಡ” ಅಂದರು. ಚಹಾ ಕುಡಿದೆ.

ಬಂದು ತೆಗೆದುಕೊಂಡು ಹೋಗು. ನೀನೇ ಹೇಳು ಇವರಿಗೆ.

ವೃಷಾಲಿ

*

ಗಡಹಿಂಗ್ಲಜ
2 ಆಗಸ್ಟ್ 2024

ವೃಷೂ, ವೃಷೂ,

ನಿನ್ನ ಕಾಗದ ಐದು ಸಲ ಓದೇನಿ. ನಮ್ಮ ಆಟದಾಗ ಇಂಥಾದ್ದು ಯಾರಿಗೂ ಆಗಿದ್ದಿಲ್ಲ! ಜಿನೇಶಗ ಹೇಳಿದೆ, ಅವಾ ಗಾಡಿ ಮಗ್ಗಲಕ ತಗೊಂಡು ನಕ್ಕಾನ. “ಬಚ್ಚಿಟ್ಟ ಡಬ್ಬಿಗೆ ಊದಿನಕಡ್ಡಿ!” ಅಂತ. ಕೊಲ್ಲಾಪುರದ ನಮ್ಮ ಮಂದಿ ಎಲ್ಲಾರೂ ಆ ಶಿಕ್ಕಾ ಒತ್ತಿಕೊಳ್ಳಾಕ ಬರಬೇಕನ್ನಾಕತ್ತಾರ. ಬ್ಯಾಡ ಅಂದೇನಿ, ಸಿಟ್ಟಾಗಬ್ಯಾಡ.

ಖರೇ ಹೇಳ್ತೀನಿ, ನಿನ್ನ ಮ್ಯಾಲಿನ ಪ್ರೀತಿಲೇ ಕೆತ್ತೇನಿ. ಕಲೆ ಸುತ್ತ ಕಿರಣ ಹಾಕಿದ್ದು ಚಂದ ಕಾಣಲಿ ಅಂತ. ಹಾಸ್ಟೆಲ್ ಮೆಸ್ಸಿನ ಮುಕ್ತಾಬಾಯೀನ ನೀ ಕೆತ್ತಿದ್ದು ಮರತೀಯೇನ? ಮೂಗಿನ ತುದಿಗೆ ಹನಿ ಜೋತಾಡಸಿ, ಕೆಳಗ ಆಮಟಿ ಸಾರಿನ ಪಾತೇಲಿ ಇಟ್ಟಿದ್ದಿ. ಆಕೀ ಮುಂದ ಹಿಡದಾಗ ಆಕಿ “ಅಯ್ಯಾ ಬಾಯೀ, ಮೀಚ ಕೀ!”, ನಾನಽ ಅಲ್ಲೇನ ಇದು ಅಂತ ನಕ್ಕಿದ್ಲು. ನೀನೂ ನಗಬೇಕಿಲ್ಲೋ?

ಮಂದಿ ಎರಡು ದಿನ ಕುಂಕುಮಾ ಹಚ್ತಾರ, ಮೂರನೇದ್ದಕ್ಕ ಮರೀತಾರ. ಅತ್ತಿ ಚಹಾ ಕೊಡಾಕತ್ತಾರಂದ್ರ ಕುಡಿ, ಸುಮ್ನಿರು. ಶ್ರಾವಣಕ್ಕ ಗಿರಾಕಿ ಕಾಲಿಡಾಕ ಜಾಗಾ ಇಲ್ಲ. ಈಗ ಬರಾಕಾಗೂದಿಲ್ಲ.

ಪೂನಿ

*

ಶಹಾಪುರ
7 ಆಗಸ್ಟ್ 2024

ಪೂನಮ,

ನಿನ್ನ ಪತ್ರ ಬಂತು. ನಗು ಬರಲಿಲ್ಲ.

ಮುಕ್ತಾಬಾಯಿ ನಕ್ಕಳು ಅಂತೀ. ನಕ್ಕಳು, ಖರೆ. ಮರುದಿನದಿಂದ ಬಡಿಸುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದಳು, ಅದನ್ನು ನೀನು ನೋಡಿದ್ದೀ.

ಮರೆಯುತ್ತಾರೆ ಅಂದಿದ್ದೆಯಲ್ಲ? ಮೊದಲು ವಹಿಗೆ ಕುಂಕುಮ ಇತ್ತು. ಈಗ ರಬ್ಬರಿನ ಶಿಕ್ಕಾವನ್ನೇ ಶಾಯಿಯಲ್ಲಿ ಅದ್ದಿ ಕೂಸುಗಳ ಹಣೆಗೆ ಒತ್ತುತ್ತಿದ್ದಾರೆ. ಹೊಟ್ಟೆ ನೋವಾದರೆ ಹೊಟ್ಟೆಗೆ. ಯಡ್ರಾವದಿಂದಲೂ ಒಬ್ಬಾಕೆ ಟೆಂಪೋದಲ್ಲಿ ಬಂದಿದ್ದಳು. ಒಂದೇ ಶಿಕ್ಕಾ, ಒಂದರ ಜೊಲ್ಲು ಇನ್ನೊಂದಕ್ಕೆ, ಅದರ ಮೇಲೆ ಅರಿಶಿನ, ನೊಣ. ನಿನ್ನೆ ಅತ್ತಿ ಅಪ್ಪುನನ್ನು ಎತ್ತಿಕೊಂಡು ಹೋಗಿ ಒತ್ತಿಸಿಕೊಂಡು ಬಂದರು. ಅವನ ಹಣೆಯ ಮೇಲೆ ನಾನು ಕೂತಿದ್ದೆ, ನನ್ನ ತೊಡೆಯ ಮೇಲೆ ಅವನು. ಕೊಬ್ಬರಿಎಣ್ಣೆ ಹಚ್ಚಿ ತಿಕ್ಕಿದೆ. ಶಾಯಿ ಹೋಗಲಿಲ್ಲ, ಚರ್ಮ ಕೆಂಪಾಯಿತು. ಕೂಸು ಚೀರಿತು, ಅತ್ತಿ “ದೇವರನ್ನ ತಿಕ್ಕಿ ತಗೀತಿಯೇನ?” ಅಂತ ಕೈಯಿಂದ ಕಸಿದುಕೊಂಡರು.

ಇದೂ ಹೋಗಲಿ. ಅನ್ನವ್ವನ ಸೊಸೆ ರೂಪಾಲಿಗೆ ಒಂದು ಹೆಣ್ಣುಕೂಸಿದೆ, ಅಪ್ಪುಗಿಂತ ಸಣ್ಣದು. ಅದಕ್ಕೆ ಜ್ವರ. ಮೊಲೆ ಹಿಡಿಯುವುದಿಲ್ಲ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಕುಳಿ ಬೀಳುತ್ತದೆ, ನಾನೇ ಅಂಗಿ ಎತ್ತಿ ನೋಡಿದೆ. ದವಾಖಾನೆಗೆ ಹೋಗಿರಿ ಅಂದೆ. ಅನ್ನವ್ವ ಕೂಸಿನ ಎದೆ ಮುಟ್ಟಿ ತೋರಿಸಿದಳು, ಎರಡು ಕಡೆ ಒತ್ತಿದ್ದಾರೆ. “ಶೆಟವಿ ಕುಂತಾಳವಾ ಇಲ್ಲಿ. ಆಕಿನ್ನ ಬಿಟ್ಟು ಸೂಜಿ ಚುಚ್ಚಸಾಕ ಹೋದ್ರ ಆಕಿ ಸಿಟ್ಟಾಗತಾಳ.” ರೂಪಾಲಿ ನನ್ನ ಮುಖವನ್ನೇ ನೋಡುತ್ತಿದ್ದಳು, ಏನಾದರೂ ಹೇಳಲಿ ಅಂತ. ಅವಳಿಗೂ ನಿದ್ದೆಯಿಲ್ಲ.

ನಿನ್ನ ರಬ್ಬರನ್ನು ನಂಬಿ ಆ ಕೂಸನ್ನು ಮನೆಯಲ್ಲಿಟ್ಟಿದ್ದಾರೆ. ನಾನು ಸುಮ್ಮನಿದ್ದು ಅಪ್ಪುಗೆ ಹಾಲು ಕುಡಿಸುತ್ತಿದ್ದೇನೆ. ಇಬ್ಬರ ಮೇಲೂ ಹೇಸಿಗೆ ಬರುತ್ತಿದೆ ನನಗೆ.

ಅನ್ನವ್ವನ ದನಿ ಕೇಳುತ್ತಿದೆ. ಮತ್ತೆ ಗೋಡೆಯ ಕಡೆಗೆ ಹೊರಟಿದ್ದಾರೆ. ಇದನ್ನು ನಮ್ಮವರ ಕೈಯಲ್ಲಿ ಟಪಾಲಿಗೆ ಕೊಟ್ಟು ನಾನೂ

*

ಗಡಹಿಂಗ್ಲಜ
14 ಆಗಸ್ಟ್ 2024

ವೃಷೂ,

‘ನಾನೂ’ ಅಂದು ಬಿಟ್ಟೀದಿ. ನೀನೂ ಏನು?

ನಿಮ್ಮ ಮನಿಯವರಿಗೆ ಫೋನ ಮಾಡಿದೆ, ಎತ್ತಲಿಲ್ಲ. ಜಿನೇಶಗ ಹೋಗಿ ನೋಡಿ ಬಾ ಅಂದೆ. ಗಲ್ಲಿ ಬಾಯಾಗಽ ಹೆಣ್ಮಕ್ಕಳ ಗದ್ಲ ನೋಡಿ ಹೊಳ್ಳಿ ಬಂದಾನ, ಅಂಜಬುರಕ. ಇಟ್ಟಾವ ತಾನಽ ಅಂತ ಗೊತ್ತಾದ್ರ ಬಡೀತಾರಂತ.

ಆ ಕೂಸು ಹೆಂಗೈತಿ? ಅಷ್ಟಽ ಬರಿ. ಬೈದು ಬರದ್ರೂ ನಡೀತೈತಿ.

ನಾ ಮೊನ್ನೆ ಬಸ್ ಸ್ಟ್ಯಾಂಡತನಕ ಬಂದಿದ್ದೆ. ಕೊಲ್ಲಾಪುರ ಬಸ್ ನಿಂತಿತ್ತು. ಹತ್ತಲಿಲ್ಲ. ಅಂಗಡಿ ಗದ್ಲಿತ್ತು ಅಂತ ಬರದ್ರ ಸುಳ್ಳಾಗತೈತಿ.

ಪೂನಮ

*

ಶಹಾಪುರ
21 ಆಗಸ್ಟ್ 2024

ಪೂನಮ,

ಕೂಸು ಬದುಕಿದೆ. ಅದನ್ನು ಮೊದಲು ಬರೆದುಬಿಟ್ಟೆ, ಇನ್ನು ಉಳಿದದ್ದನ್ನು ಓದು.

ಅವತ್ತು ಅಪ್ಪುನನ್ನು ಎತ್ತಿಕೊಂಡು ಹಾಗೇ ಹೋದೆ. ಸೆರಗು ಸರಿ ಮಾಡಿಕೊಳ್ಳಲಿಲ್ಲ. ಕುಡಿಯುವುದನ್ನು ಬಿಡಿಸಿದ್ದಕ್ಕೆ ಅವನು ಚೀರುತ್ತಿದ್ದ, ಚೀರಿದಷ್ಟೂ ನನ್ನ ಹಾಲು ಇಳಿದು ಕುಪ್ಪಸ ತೋಯುತ್ತಿತ್ತು. ಅನ್ನವ್ವ ಶಿಕ್ಕಾ ಅದ್ದುತ್ತಿದ್ದಳು. ರೂಪಾಲಿಯ ತೊಡೆಯ ಮೇಲೆ ಕೂಸು, ಅಳುವುದನ್ನೂ ಬಿಟ್ಟಿತ್ತು. ನಾನು ವಹಿಯ ಆ ಹಾಳೆಯನ್ನು ಹರಿದು ನನ್ನ ಮುಖದ ಪಕ್ಕಕ್ಕೆ ಹಿಡಿದೆ.

“ಇದು ಶೆಟವಿ ಅಲ್ರೀ. ನಾನು. ನನ್ನ ಗೆಳತಿ ಚ್ಯಾಷ್ಟಿಗೆ ಕೆತ್ಯಾಳ. ಈ ಎರಡು ಸೂರ್ಯಾ ಚಂದ್ರಾ ಅಲ್ಲ, ಹಾಲಿನ ಕಲೆ. ನೋಡ್ರಿ.”

ಸೆರಗು ಸರಿಸಿ ತೋರಿಸಿದೆ. ಗಲ್ಲಿಯ ಹೆಂಗಸರೆಲ್ಲ ಇದ್ದರು. ಮಗ್ಗದ ಶೆಡ್ಡಿನ ಬಾಗಿಲಲ್ಲಿ ಗಂಡಸರೂ ಇದ್ದರು.

ಬೈಯುತ್ತಾರೆ, ನಗುತ್ತಾರೆ ಅಂದುಕೊಂಡಿದ್ದೆ. ಕಾಗದ ನೋಡಿದರು, ನನ್ನ ಕಣ್ಣು ನೋಡಿದರು, ಕುಪ್ಪಸ ನೋಡಿದರು, ಚೀರುವ ಅಪ್ಪುನನ್ನು ನೋಡಿದರು. ಕೊನೆಗೆ ನಮ್ಮ ಅತ್ತಿಯೇ ಬಾಯಿ ತೆಗೆದರು.

“ನಿನ್ನಂಗಽ ಅದಾಳ. ಖರೆ ಐತಿ.” ಆಮೇಲೆ ಸಣ್ಣ ದನಿಯಲ್ಲಿ, “ಹಂಗಾರ ಆಕಿ ನಿನ್ನ ಮಾರಿ ತೊಗೊಂಡು ಬಂದಾಳ.”

“ಅಲ್ರೀ ಅತ್ತೀ, ಖೋಡರಬ್ಬರ ಅದು. ಅಂಗಡ್ಯಾಗ ಸಿಗತೈತಿ.”

“ಕಲ್ಲೂ ಹೊಲದಾಗ ಸಿಗತೈತಿ.”

ಅನ್ನವ್ವ ಬಂದು ನನ್ನ ಪಾದಕ್ಕೆ ಹಣೆ ಹಚ್ಚಿದಳು. ಎಪ್ಪತ್ತು ದಾಟಿದ ಮುದುಕಿ. ನಳದ ಕೆಸರಿನಲ್ಲಿ ನನ್ನ ಕಾಲು, ಅದರ ಮೇಲೆ ಆಕೆಯ ಹಣೆ. ಹಿಂದೆ ಸರಿಯಲು ಗೋಡೆ ಬಿಡಲಿಲ್ಲ. “ತಾಯೀ, ಕೂಸಿಗೆ ಕೈ ಮುಟ್ಟಸು” ಅಂದಳು.

ಇಷ್ಟು ಓದಿ, ಲ್ಯಾಬಿನಲ್ಲಿ ನಿಂತು, ಇದೇ ನಂಬಿಕೆಗಳಿಗೆ ಹಾಸ್ಟೆಲ್ಲಿನಲ್ಲಿ ಕೂತು ನಕ್ಕವಳು ನಾನು. ಇನ್ನೊಂದು ಸಲ ಅಲ್ಲ ಅನ್ನಬಹುದಿತ್ತು. ಅಂದಿದ್ದರೆ ಅವರು ವಾದಿಸುತ್ತ ನಿಲ್ಲುತ್ತಿದ್ದರು, ಕೂಸಿನ ಪಕ್ಕೆಯ ಆ ಕುಳಿ ಇನ್ನಷ್ಟು ಆಳವಾಗುತ್ತಿತ್ತು. ನಾನು ಕೂಸಿನ ಎದೆಯ ಮೇಲೆ ಕೈಯಿಟ್ಟೆ. ಬಿಸಿ. “ಈಗಿಂದೀಗ ದವಾಖಾನಿಗೆ ಒಯ್ಯಿರಿ. ಡಾಕ್ಟರ ಏನ ಮಾಡಂತಾರ, ಅದನ್ನ ಮಾಡ್ರಿ. ಇದು ನನ್ನ ಮಾತು” ಅಂದೆ. ‘ನನ್ನ ಮಾತು’ ಅಂದಾಗ ನನ್ನ ದನಿ ನನ್ನದಾಗಿರಲಿಲ್ಲ. ಆಡಿ ತೋರಿಸಿದೆ, ಪೂನಮ. ಜಾತ್ರೆಯಲ್ಲಿ ಮೈಮೇಲೆ ಬಂದವರು ಹೇಗೆ ಅನ್ನುತ್ತಾರೋ ಹಾಗೆ ಅಂದೆ.

ಎದ್ದುಹೋದರು. ಕೂಸನ್ನು ದುಪ್ಪಟಿಯಲ್ಲಿ ಸುತ್ತಿದರು. ರಿಕ್ಷಾ ಬಂತು. ಸರಕಾರಿ ದವಾಖಾನೆಯಲ್ಲಿ ನ್ಯುಮೋನಿಯಾ ಅಂದರಂತೆ, ಆಕ್ಸಿಜನ್ ಹಚ್ಚಿದರು. ನಿನ್ನೆ ಮನೆಗೆ ಬಂದಿದೆ. ರೂಪಾಲಿ ಬಂದು ಏನೂ ಅನ್ನದೆ ನನ್ನ ಪಕ್ಕ ಕೂತು ಅತ್ತಳು. ನಾನೂ ಅತ್ತೆ. ನಾನು ಆಡಿ ತೋರಿಸಿದ್ದು ಆಕೆಗೆ ಗೊತ್ತಿದೆ ಅಂತ ನನಗನಿಸುತ್ತದೆ.

ಉಳಿದವರಿಗೆ ಗೊತ್ತಿಲ್ಲ. ಈಗ ಗೋಡೆಯ ಹತ್ತಿರ ಯಾರೂ ಹೋಗುವುದಿಲ್ಲ, ನಮ್ಮ ಬಾಗಿಲಿಗೆ ಬರುತ್ತಾರೆ. ಶಿಕ್ಕಾದ ಬದಲು ಕೂಸಿನ ಹಣೆಗೆ ನಿನ್ನ ಹೆಬ್ಬೆರಳು ಒತ್ತು ಅನ್ನುತ್ತಾರೆ. ಮೊದಲು ಕೂಸಿನ ಹಣೆ ಮುಟ್ಟಿ ನೋಡುತ್ತೇನೆ. ಜ್ವರವಿದ್ದರೆ, “ಡಾಕ್ಟರ ಚೀಟಿ ತಂದು ತೋರಸು, ಆಮ್ಯಾಲೆ ಒತ್ತತೀನಿ” ಅನ್ನುತ್ತೇನೆ. ಚೀಟಿ ತರುತ್ತಾರೆ, ಒತ್ತುತ್ತೇನೆ. ಆಮೇಲೆ ಡೆಟಾಲ್ ಹಾಕಿ ಕೈ ತೊಳೆಯುತ್ತೇನೆ. ಎಷ್ಟು ಸಲ ತೊಳೆದರೂ ಅಷ್ಟೇ. ಹೊಲಸು ಅವರ ಕೂಸುಗಳದ್ದಲ್ಲ.

ಅನ್ನವ್ವ ಕಾಲಿಗೆ ಬಿದ್ದಾಗ ಒಂದು ಕ್ಷಣ ನನಗೆ ಹಿತವೆನಿಸಿತ್ತು. ಇದನ್ನು ನಿನ್ನೊಬ್ಬಳಿಗೇ ಬರೆಯುತ್ತಿದ್ದೇನೆ. ಯಾರಿಗೂ ತೋರಿಸಬೇಡ ಅಂತ ಈ ಸಲವೂ ಬರೆಯಬೇಕೋ?

ವೃಷಾಲಿ

*

ನಿಮ್ಮ ಮನಿ, ಇಚಲಕರಂಜಿ
1 ಸಪ್ಟೆಂಬರ್ 2024, ಐತವಾರ

ವೃಷಾಲಿ,

ನಾ ಬಂದೇನಿ. ನಿಮ್ಮ ಪಡಸಾಲ್ಯಾಗ ಕುಂತು ಬರಿಯಾಕತ್ತೇನಿ. ನೀ ಮಲಗೀದಿ.

ಬಾಗಲದಾಗ ನಿಮ್ಮ ಅತ್ತಿ ಕೋಲು ಹಿಡಕೊಂಡು ಕುಂತಾರ. “ಯಾರವಾ ನೀ? ಈಗ ದರ್ಶನ ಇಲ್ಲ. ಆಕಿ ಮಲಗ್ಯಾಳ” ಅಂದ್ರು. ಗೆಳತಿ ಅಂದೆ. “ಗೆಳತ್ಯಾದ್ರೂ ಅಷ್ಟಽ. ನಾ ಒಬ್ಬಾಕಿ ಎಬಸ್ತಿದ್ದೆ ಇಷ್ಟ ದಿನಾ, ಇನ್ನ ಯಾರೂ ಎಬಸಂಗಿಲ್ಲ.” ಅಪ್ಪು ಅವರ ಮಡ್ಲಾಗಿದ್ದ. ಆಮ್ಯಾಲೆ ನನ್ನ ಮಡ್ಲಾಗ ಹಾಕಿದ್ರು. ಎರಡು ಸಲ ಮೈಮ್ಯಾಲೆ ಉಚ್ಚಿ ಹೊಯ್ದಾನ. ನೀ ಕಾಗದದಾಗ ಬರದಿದ್ದ ನಾತ ಏನಂತ ಈಗ ತಿಳೀತು.

ಶಿಕ್ಕಾ ಕೆತ್ತಿದಾಕಿ ನಾನಽ ಅಂತ ಹೇಳಿದೆ. ಹೇಳಾಕಽ ಬಂದಿದ್ದೆ. ಅವರು ಸಿಟ್ಟಾಗಲಿಲ್ಲ. “ಆಕಿ ನಿನ್ನ ಕೈಲೆ ಕೆತ್ತಿಸ್ಯಾಳ” ಅಂದ್ರು. ಶಿಕ್ಕಾ ಕೇಳಿದ್ದಕ್ಕ ಕೊಟ್ರು, ಈಗ ಅದು ಬೇಕಾಗಿಲ್ಲಂತ. ಹಿತ್ತಲದಾಗ ಈಳಿಗಿಲೆ ಹೆಚ್ಚಿ ಒಲಿಗೆ ಹಾಕಿದೆ. ಭಾಳ ಹೊಲಸ ವಾಸನಿ ಬಂತು.

ಒಳಗ ಬಾಗಲಾ ಸರಿಸಿ ನಿನ್ನ ನೋಡಿದೆ. ಬಾಯಿ ತಕ್ಕೊಂಡು ಮಲಗೀದಿ. ಫೋಟೋದಾಗ ನಾ ಬರೇ ಕಣ್ಣು ನೋಡಿದ್ದೆ. ಎಬ್ಬಸಲಿಲ್ಲ. ಕಡೀ ಬಸ್ಸಿಗೆ ಹೋಗತೀನಿ. ಮುಂದಿನ ಐತವಾರ ಮತ್ತ ಬರತೀನಿ.

ಪೂನಮ

*

ಶಹಾಪುರ
4 ಸಪ್ಟೆಂಬರ್ 2024

ಪೂನಮ,

ಮಲಗಿದ್ದೆ, ಖರೆ. ಹಡೆದ ಮೇಲೆ ಮೊದಲ ಸಲ ಕನಸಿಲ್ಲದೆ ಮಲಗಿದ್ದೆ. ನಡುವೆ ಮಗ್ಗ ನಿಂತಿದ್ದವಂತೆ, ಅದೂ ಗೊತ್ತಾಗಲಿಲ್ಲ. ನಾನು ಸೊಸೆಯಾಗಿ ಎಷ್ಟು ಅತ್ತರೂ ಈ ಮನೆಯವರು ಕೊಡದ ನಿದ್ದೆ ಅದು. ಅದನ್ನು ಪಡೆಯಲು ನಾನು ದೇವರಾಗಬೇಕಾಯಿತು.

ಮುಂದಿನ ಐತವಾರ ಬಾ. ಬಂದರೆ ಎಬ್ಬಿಸು. ಅವರು ಬೇಡ ಅಂದರೂ ಹೆಸರು ಹಿಡಿದು ಕರೆದು ಎಬ್ಬಿಸು.

ಎದ್ದಾಗ ಕಾಲು ಜಿಗಿಜಿಗಿ ಅನಿಸಿತು. ನೀನು ಹೋದ ಮೇಲೋ ಬರುವ ಮೊದಲೋ, ನಾನು ಮಲಗಿದ್ದಾಗಲೇ ಯಾರೋ ಒಳಗೆ ಬಂದು ಎರಡೂ ಪಾದಕ್ಕೆ ಅರಿಶಿನ ಹಚ್ಚಿ ಹೋಗಿದ್ದಾರೆ. ಬೆರಳ ಸಂದಿಯಲ್ಲೂ ಬಿಟ್ಟಿಲ್ಲ. ಮುಟ್ಟಿದ್ದು ನನಗೆ ಗೊತ್ತೇ ಆಗಿಲ್ಲ. ಬಚ್ಚಲಲ್ಲಿ ಕೂತು ಕಲ್ಲಿನಿಂದ ತಿಕ್ಕುತ್ತಿದ್ದೆ. ಅತ್ತಿ ಬಾಗಿಲಲ್ಲಿ ನಿಂತು, “ಕಾಲ ತೊಳದ ನೀರ ಚೆಲ್ಲಬ್ಯಾಡವಾ” ಅಂದರು, “ಹೊರಗ ಮಂದಿ ತಂಬಿಗಿ ಹಿಡಕೊಂಡು ನಿಂತಾರ.”

ವೃಷಾಲಿ